ಅಗೆಯುವ ಹಡಗು ಬೇರೆ, ಅಲೆಯುವ ಹಡಗು ಬೇರೆ

ಕಳೆದ ಸಂಚಿಕೆಯಲ್ಲಿ ಬಾಹ್ಯಾಕಾಶದ ಆಟಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಟದ ಮೇಲೆ, ಎಲೀಟ್ ಡೇಂಜರಸ್. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. 2014ರ ಕೊನೆಗೆ ಬಂದದ್ದು, ಮಾಡಿದವರು ಇಂಗ್ಲೆಂಡಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್. ನಮ್ಮ ಆಕಾಶಗಂಗೆಯನ್ನು ನಿಜವಾದ ಅಳತೆಯಲ್ಲೇ ಕಟ್ಟಿದ್ದಾರೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು ಅದರಲ್ಲಿವೆ. ನಿಮಗೊಂದು ಪುಟ್ಟ ಹಡಗು ಕೊಟ್ಟು ಬಿಟ್ಟುಬಿಡುತ್ತಾರೆ. ವ್ಯಾಪಾರ ಮಾಡಿ, ಕಾದಾಡಿ, ಗಣಿ ಅಗೆಯಿರಿ, ಯಾರೂ ಹೋಗದ ಕಡೆ ಹೋಗಿ ಬನ್ನಿ, ನಿಮ್ಮ ಇಷ್ಟ. ಹಡಗಿಗೆ ಏನೇನು ಜೋಡಿಸಬೇಕು ಅನ್ನುವುದೂ ನಿಮ್ಮ ಕೈಯಲ್ಲೇ. ಬಂದ ಪ್ರಶ್ನೆಗಳೆಲ್ಲ ಬಹುಪಾಲು ಈ ಜೋಡಣೆಯ ಬಗ್ಗೆ.

ಪ್ರಶ್ನೆ: ಸರ್, ನನ್ನ ಊರು ಬೆಳಗಾವಿ. ಪುಣೆಯ ಕೊತ್ರೂಡ್‌ನಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದೇನೆ. ಆಸ್ಪ್ ಎಕ್ಸ್‌ಪ್ಲೋರರ್ ಹಡಗು ಕೊಂಡೆ. ಕೈಯಲ್ಲಿ ಇನ್ನೂ 3 ಕೋಟಿ ಕ್ರೆಡಿಟ್ (ಆಟದ ದುಡ್ಡು) ಇದೆ. ಗ್ಯಾಲಕ್ಸಿಯ ನಡುವೆ ಇರುವ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಕಪ್ಪು ಕುಳಿಗೆ ಹೋಗಬೇಕು, ದಾರಿಯಲ್ಲಿ ಮೈನಿಂಗ್ ಕೂಡ ಮಾಡಬೇಕು ಅಂತ ಆಸೆ. ಲೇಸರ್, ರಿಫೈನರಿ, ಕಾರ್ಗೋ ರ‍್ಯಾಕ್ ಎಲ್ಲ ಹಾಕಿದೆ. ಈಗ ಹಡಗು 20 ಜ್ಯೋತಿರ್ವರ್ಷ ಕೂಡ ಜಿಗಿಯುತ್ತಿಲ್ಲ. ಏನು ಬದಲಾಯಿಸಬೇಕು?

ಉತ್ತರ: ತಮ್ಮಾ, ನೀನು ಒಂದೇ ಹಡಗಿಗೆ ಎರಡು ಕೆಲಸ ಹೇಳಿದ್ದೀಯ. ಆ ಎರಡು ಕೆಲಸಗಳು ಒಂದಕ್ಕೊಂದು ಆಗಿಬರುವುದಿಲ್ಲ. ದೂರ ಹೋಗುವ ಹಡಗು ಹಗುರ ಇರಬೇಕು. ಅಗೆಯುವ ಹಡಗಿಗೆ ಸಲಕರಣೆ ಬೇಕು, ಸರಕು ತುಂಬಲು ಜಾಗ ಬೇಕು, ವಾಪಸು ಬರುವಾಗ ಅದು ಭಾರವಾಗಿಯೇ ಬರಬೇಕು.

ನನಗೆ ಈ ತೂಕದ ಲೆಕ್ಕ ಅಭ್ಯಾಸ. ಊರು ಅಂಕೋಲಾ ಆದರೂ ಇರುವುದು ಗೋವಾದ ವಾಸ್ಕೋದಲ್ಲಿ. ಮಾಂಡೋವಿ, ಜುವಾರಿ ನದಿಗಳಲ್ಲಿ ಅದಿರು ಸಾಗಿಸುವ ಬಾರ್ಜ್‌ಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು ನಾನು. ಬಾರ್ಜಿಗೆ ಅದಿರು ಬೀಳುತ್ತಿರುವಾಗ ಎಲ್ಲರ ಕಣ್ಣೂ ಪಕ್ಕದ ಗುರುತಿನ ಮೇಲೇ ಇರುತ್ತದೆ. ಎಷ್ಟು ತುಂಬಿದರೆ ಎಷ್ಟು ಮುಳುಗುತ್ತದೆ, ಮುಂದಿನ ತಿರುವಿನಲ್ಲಿ ಮರಳಿಗೆ ತಳ ತಾಗುತ್ತದಾ, ಮರ್ಮುಗೋವಾ ಮುಟ್ಟಲು ಎಷ್ಟು ಡೀಸೆಲ್ ಹೋಗುತ್ತದೆ, ಇದೆಲ್ಲ ಹೊರಡುವ ಮೊದಲೇ ಲೆಕ್ಕ ಹಾಕಬೇಕು. ನಿನ್ನ ಆಸ್ಪ್‌ಗೂ ಇದೇ ಲೆಕ್ಕ. ಹಡಗಿನ ಒಂದೊಂದು ಟನ್ನೂ ಜಿಗಿತವನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ.

ಮೊದಲು ಎಫ್‌ಎಸ್‌ಡಿ, ಅಂದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಸುವ ಡ್ರೈವ್. ಹಡಗಿನ ಜೊತೆ ಬಂದ 5ಇ ಕಿತ್ತು 5ಎ ಹಾಕು. ಇಲ್ಲಿ ಅಂಕಿ ಅಂದರೆ ಅಳತೆ, ಅಕ್ಷರ ಅಂದರೆ ದರ್ಜೆ. ಸುಮಾರು 51 ಲಕ್ಷ. ಇದರಲ್ಲಿ ಮಾತ್ರ ಚೌಕಾಸಿ ಬೇಡ.

ಉಳಿದದ್ದಕ್ಕೆ ‘ಎ’ ಅಂದರೆ ಒಳ್ಳೆಯದು ಅನ್ನುವ ನಂಬಿಕೆ ಬಿಡು. ಈ ಆಟದಲ್ಲಿ ಅಕ್ಷರಗಳಿಗೆ ಒಂದೊಂದು ಸ್ವಭಾವ ಇದೆ. ಎ ಚೆನ್ನಾಗಿ ಕೆಲಸ ಮಾಡುತ್ತದೆ, ಬಿ ಗಟ್ಟಿ ಆದರೆ ತೀರಾ ಭಾರ, ಸಿ ನಡುವಿನದ್ದು, ಡಿ ಎಲ್ಲಕ್ಕಿಂತ ಹಗುರ, ಇ ಅಗ್ಗ. ದೂರ ಹೋಗುವವನ ಅಕ್ಷರ ಡಿ. ಸೆನ್ಸರ್ ಉದಾಹರಣೆಗೆ ತಗೋ. 5ಎ 20 ಟನ್, 5ಡಿ ಬರೀ 8 ಟನ್. ಸಾವಿರಾರು ಜ್ಯೋತಿರ್ವರ್ಷ ಯಾರೂ ಇಲ್ಲದ ಕಡೆ ಹೋಗುವವನು ದೊಡ್ಡ ಸೆನ್ಸರ್‌ನಿಂದ ಯಾರನ್ನು ಹುಡುಕಬೇಕು? ಸೆನ್ಸರ್, ಲೈಫ್ ಸಪೋರ್ಟ್, ಥ್ರಸ್ಟರ್, ಪವರ್ ಡಿಸ್ಟ್ರಿಬ್ಯೂಟರ್, ಎಲ್ಲ ಡಿ ಮಾಡು. ಪವರ್ ಪ್ಲಾಂಟ್ ಮಾತ್ರ ಎ ಇರಲಿ, ಆದರೆ ಅಳತೆ ಚಿಕ್ಕದಿರಲಿ. ಎ ಪವರ್ ಪ್ಲಾಂಟ್ ಕಡಿಮೆ ಬಿಸಿಯಾಗುತ್ತದೆ. ನಕ್ಷತ್ರದ ಪಕ್ಕ ನಿಂತು ಇಂಧನ ಹೀರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಇಂಧನ ಹೀರುವ ಫ್ಯೂಯಲ್ ಸ್ಕೂಪ್ ವಿಷಯಕ್ಕೆ ಬರೋಣ. ಆಸ್ಪ್‌ನಲ್ಲಿರುವ ಒಂದೇ ಒಂದು 6ನೇ ಅಳತೆಯ ಜಾಗ ಇದಕ್ಕೇ ಮೀಸಲು. ಎಲ್ಲರೂ 6ಎ ತಗೋ ಅನ್ನುತ್ತಾರೆ. ಅದು ಸುಮಾರು 2.88 ಕೋಟಿ, ನಿನ್ನ ಜೇಬು ಅಲ್ಲಿಗೇ ಖಾಲಿ. 6ಬಿ ಸುಮಾರು 72 ಲಕ್ಷ. 6ಎ ಸೆಕೆಂಡಿಗೆ 878 ಕಿಲೊ ಹೀರುತ್ತದೆ, 6ಬಿ 752 ಕಿಲೊ. ನಿನ್ನ 5ಎ ಡ್ರೈವ್ ಒಂದು ದೊಡ್ಡ ಜಿಗಿತಕ್ಕೆ ಹೆಚ್ಚೆಂದರೆ 5 ಟನ್ ಕುಡಿಯುತ್ತದೆ. ಸ್ಕೂಪ್ ಪೂರ್ತಿ ವೇಗದಲ್ಲಿದ್ದರೆ ಆ 5 ಟನ್ ತುಂಬಲು ಒಂದಕ್ಕೆ ಆರು ಸೆಕೆಂಡು, ಇನ್ನೊಂದಕ್ಕೆ ಏಳು ಸೆಕೆಂಡು. ಒಂದು ಸೆಕೆಂಡಿಗಾಗಿ 2 ಕೋಟಿ ಸುರಿಯಬೇಕಾ? 6ಬಿ ಸಾಕು. ಸ್ಕೂಪ್‌ಗೆ ತೂಕವೇ ಇಲ್ಲ, ಹಾಗಾಗಿ ಬಿ ಅಂತ ಹೆದರುವ ಕಾರಣವೂ ಇಲ್ಲ.

ಇನ್ನು ಒಳಗಿನ ಉಳಿದ ಜಾಗಗಳು. 3ನೇ ಅಳತೆಯ ಒಂದು ಜಾಗದಲ್ಲಿ 3ಡಿ ಶೀಲ್ಡ್. ಅದು ಯುದ್ಧಕ್ಕಲ್ಲ, ಗ್ರಹದ ಮೇಲೆ ಇಳಿಯುವಾಗ ತಟ್ಟಿದರೆ ಹಡಗು ಉಳಿಯಲಿ ಅಂತ. ಉಳಿದ ಎರಡು 3ರಲ್ಲಿ ಎಎಫ್‌ಎಂಯು ಎರಡು ಹಾಕು. ಇದು ಕೆಟ್ಟ ಮಾಡ್ಯೂಲ್‌ಗಳನ್ನು ದಾರಿಯಲ್ಲೇ ರಿಪೇರಿ ಮಾಡುವ ಯಂತ್ರ. ಎರಡು ಯಾಕೆ ಅಂದರೆ, ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಒಂದು ಕೆಟ್ಟರೆ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಎಂಜಿನ್ ರೂಮಿನಲ್ಲಿ ಸ್ಟ್ಯಾಂಡ್‌ಬೈ ಇಲ್ಲದ ಪಂಪ್ ನೋಡಿದರೆ ನನಗೆ ಈಗಲೂ ಕಸಿವಿಸಿ. ಇದಕ್ಕೂ ತೂಕ ಇಲ್ಲ, ಯೋಚನೆ ಮಾಡಬೇಡ. ಒಂದು 2ರಲ್ಲಿ ಎಸ್‌ಆರ್‌ವಿ, ಅಂದರೆ ಗ್ರಹದ ನೆಲದ ಮೇಲೆ ಓಡಿಸುವ ಗಾಡಿಯ ಹ್ಯಾಂಗರ್. 1ರಲ್ಲಿ ಗ್ರಹಗಳ ನಕ್ಷೆ ತೆಗೆಯುವ ಡೀಟೇಲ್ಡ್ ಸರ್ಫೇಸ್ ಸ್ಕ್ಯಾನರ್. ಹೊರಗಡೆ ಎರಡು ಹೀಟ್ ಸಿಂಕ್ ಲಾಂಚರ್. ಜಿಗಿದು ಹೊರಬಂದಾಗ ಎರಡು ನಕ್ಷತ್ರಗಳು ಒತ್ತೊತ್ತಾಗಿ ನಿಂತಿರುವ ಜಾಗಕ್ಕೇ ಬಿದ್ದೆ ಅಂದುಕೋ, ಆಗ ಹಡಗು ಬೇಯುವುದನ್ನು ತಪ್ಪಿಸುವುದು ಅದೊಂದೇ.

5ನೇ ಅಳತೆಯ ಜಾಗ ಈಗ ಖಾಲಿ ಬಿಡು. ಅಲ್ಲಿ ಗಾರ್ಡಿಯನ್ ಎಫ್‌ಎಸ್‌ಡಿ ಬೂಸ್ಟರ್ ಕೂರಬೇಕು. ಆ ಅಳತೆಯದ್ದು ಪ್ರತಿ ಜಿಗಿತಕ್ಕೂ 10.5 ಜ್ಯೋತಿರ್ವರ್ಷ ಸೇರಿಸುತ್ತದೆ. ದುಡ್ಡು ಕೊಟ್ಟರೆ ಸಿಗುವ ವಸ್ತು ಅಲ್ಲ. ಗಾರ್ಡಿಯನ್ ಅಂದರೆ ಆಟದ ಕಥೆಯಲ್ಲಿ ಅಳಿದುಹೋದ ಅನ್ಯಲೋಕದ ಜೀವಿಗಳು. ಅವರ ಹಳೇ ಅವಶೇಷಗಳಿಗೆ ಹೋಗಿ ಒಂದಿಷ್ಟು ಸಾಮಾನು ಕೂಡಿಸಿಕೊಂಡು ಬಂದು ಬಿಡಿಸಿಕೊಳ್ಳಬೇಕು. ಒಮ್ಮೆ ಬಿಡಿಸಿಕೊಂಡರೆ ಮುಂದೆ ಎಲ್ಲ ಹಡಗಿಗೂ ಕೊಳ್ಳಬಹುದು. ಅದರ ಜೊತೆಗೆ ಡೆಸಿಯಾಟ್ ವ್ಯವಸ್ಥೆಯಲ್ಲಿರುವ ಫೆಲಿಸಿಟಿ ಫಾರ್‌ಸೀರ್ ಎಂಬ ಎಂಜಿನಿಯರ್ ಹತ್ತಿರ ಹೋಗು. ಅವಳಿಗೆ ಮೆಟಾ-ಅಲಾಯ್ ಎಂಬ ಸರಕು ಒಂದು ಟನ್ ಕೊಟ್ಟರೆ ನಿನ್ನ ಡ್ರೈವನ್ನು ತಿದ್ದಿ ಕೊಡುತ್ತಾಳೆ. ಇವೆರಡೂ ಆದ ಮೇಲೆ ಆಸ್ಪ್ 50 ಜ್ಯೋತಿರ್ವರ್ಷ ದಾಟುತ್ತದೆ.

ಇದು ಯಾಕೆ ಮುಖ್ಯ ಗೊತ್ತಾ? ಸ್ಯಾಜಿಟೇರಿಯಸ್ ಎ-ಸ್ಟಾರ್ ಸುಮಾರು 25,900 ಜ್ಯೋತಿರ್ವರ್ಷ ದೂರ. 30ರಂತೆ ಜಿಗಿದರೆ 860ಕ್ಕೂ ಜಾಸ್ತಿ ಜಿಗಿತ. 50ರಂತಾದರೆ 520ರ ಒಳಗೆ. ಪರೀಕ್ಷೆಗೆ ಓದುವ ಹುಡುಗ ನೀನು, ಆ ವ್ಯತ್ಯಾಸ ಎಷ್ಟು ರಾತ್ರಿಗಳದ್ದು ಅಂತ ನೀನೇ ಎಣಿಸು. ಮೊದಲು ಬೂಸ್ಟರ್ ಮತ್ತು ಎಂಜಿನಿಯರ್, ಆಮೇಲೆ ಪ್ರಯಾಣ.

ನ್ಯೂಟ್ರಾನ್ ನಕ್ಷತ್ರಗಳ ಉಪಾಯವನ್ನೂ ಕಲಿ. ಅದರ ಧ್ರುವದಿಂದ ಚಿಮ್ಮುವ ಜ್ವಾಲೆಯೊಳಗೆ ಹಡಗು ಹಾಯಿಸಿದರೆ ಮುಂದಿನ ಒಂದು ಜಿಗಿತ ನಾಲ್ಕು ಪಟ್ಟಾಗುತ್ತದೆ. ಪ್ರತಿ ಸಲ ಡ್ರೈವ್ ಒಂದಿಷ್ಟು ಸವೆಯುತ್ತದೆ. ಎಎಫ್‌ಎಂಯು ಹೊತ್ತುಕೊಂಡು ಹೋಗುವುದು ಅದಕ್ಕೇ. ರಿಪೇರಿ ನಡೆಯುವಾಗ ಡ್ರೈವ್ ಆಫ್ ಆಗುತ್ತದೆ, ಹಾಗಾಗಿ ಆರಾಮಾಗಿ ಒಂದು ಕಡೆ ನಿಂತು ಮಾಡು.

ಇನ್ನು ಮೈನಿಂಗ್ ಆಸೆ. ಲೇಸರ್ ಇದ್ದರೆ ಸಾಲದು. ರಿಫೈನರಿ, ಬಂಡೆ ಪರೀಕ್ಷಿಸುವ ಪ್ರಾಸ್ಪೆಕ್ಟರ್, ಚೂರು ಹೆಕ್ಕುವ ಕಲೆಕ್ಟರ್, ಅವುಗಳಿಗೆ ಲಿಂಪೆಟ್ ಎಂಬ ಪುಟ್ಟ ಡ್ರೋನ್‌ಗಳು, ಲಿಂಪೆಟ್ ಇಡಲು ಕಾರ್ಗೋ, ಇಷ್ಟೂ ಬೇಕು. ಮೇಲೆ ಹೇಳಿದ ಪಟ್ಟಿಯಲ್ಲಿ ಇದಕ್ಕೆ ಜಾಗ ಎಲ್ಲಿದೆ? ಹೋಗಲಿ, 25,000 ಜ್ಯೋತಿರ್ವರ್ಷದ ಆಚೆ ಅಗೆದ ಪ್ಲಾಟಿನಂ ಯಾರಿಗೆ ಮಾರುತ್ತೀಯ? ದಾರಿಯಲ್ಲಿ ನಿನಗೆ ಬೇಕಾದ ಅದಿರು ಬೇರೆಯೇ ಇದೆ. ಎಸ್‌ಆರ್‌ವಿ ಗಾಡಿ ಇಳಿಸಿ ಗ್ರಹದ ಮೇಲೆ ಕಾರ್ಬನ್, ವನೇಡಿಯಂ, ಜರ್ಮೇನಿಯಂ ಹೆಕ್ಕಿದರೆ ಎಫ್‌ಎಸ್‌ಡಿ ಇಂಜೆಕ್ಷನ್ ತಯಾರಿಸಬಹುದು. ಅದು ಒಂದು ಜಿಗಿತವನ್ನು 25% ಹೆಚ್ಚಿಸುತ್ತದೆ. ಇನ್ನೂ ಅಪರೂಪದ ಯಿಟ್ರಿಯಂ, ಪೊಲೋನಿಯಂ ಎಲ್ಲ ಸೇರಿದರೆ 100%. ನಕ್ಷತ್ರಗಳು ವಿರಳವಾಗಿರುವ ಅಂಚಿನಲ್ಲಿ ಮುಂದೆ ಹೋಗಲಾರದೆ ನಿಂತಾಗ ಈ ಇಂಜೆಕ್ಷನ್ ನಿನ್ನನ್ನು ದಾಟಿಸುತ್ತದೆ. ದಾರಿಯಲ್ಲಿ ಮಾಡುವ ಗಣಿಗಾರಿಕೆ ಅಂದರೆ ಇಷ್ಟೇ ಸಾಕು.

ಒಂದು ಮಾತು ಮರೆಯಬೇಡ. ಹಡಗು ಒಡೆದರೆ 5% ವಿಮೆ ಕಟ್ಟಿ ಹಡಗು ವಾಪಸು ಪಡೆಯಬಹುದು. ದಾರಿಯುದ್ದಕ್ಕೂ ಕೂಡಿಸಿದ ಸ್ಕ್ಯಾನ್ ಮಾಹಿತಿ ಮಾತ್ರ ಹೋಯಿತೆಂದರೆ ಹೋಯಿತು. ಅದಕ್ಕೆ ವಿಮೆಯ ದುಡ್ಡು ಯಾವಾಗಲೂ ಕೈಯಲ್ಲಿರಲಿ, ಮಾಹಿತಿಯನ್ನು ಸಿಕ್ಕ ಮೊದಲ ಜಾಗದಲ್ಲಿ ಮಾರು. ಗ್ಯಾಲಕ್ಸಿಯ ನಡುವಿನ ಹತ್ತಿರ ಎಕ್ಸ್‌ಪ್ಲೋರರ್ಸ್ ಆ್ಯಂಕರೇಜ್ ಅಂತ ಒಂದು ಸ್ಟೇಷನ್ ಇದೆ. 2019ರಲ್ಲಿ ಡಿಸ್ಟಂಟ್ ವರ್ಲ್ಡ್ಸ್ 2 ಅನ್ನುವ ಯಾತ್ರೆಗೆ ಸಾವಿರಾರು ಆಟಗಾರರು ಒಟ್ಟಾಗಿ ಹೊರಟಾಗ ಬಂದದ್ದು. ಅಲ್ಲಿ ಇಳಿದು ಮಾರಿ, ಹಡಗು ರಿಪೇರಿ ಮಾಡಿಸಿ, ಆಮೇಲೆ ವಾಪಸು ಹೊರಡು.

ಪ್ರಶ್ನೆ: ಅಣ್ಣಾ, ನಾನು ಡೊಂಬಿವಲಿಯಲ್ಲಿ ಶಾಲಾ ಶಿಕ್ಷಕಿ. ಮಗಳು ಮಲಗಿದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಆಡುತ್ತೇನೆ. ಜಗಳ, ವ್ಯಾಪಾರ ಬೇಡ, ಹೊಸ ಗ್ರಹ ನೋಡುವುದೇ ಖುಷಿ. ಕೈಯಲ್ಲಿ 40 ಲಕ್ಷ ಮಾತ್ರ ಇದೆ. ನನಗೆ ಯಾವ ಹಡಗು?

ಉತ್ತರ: ಅಕ್ಕಾ, ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್ ತಗೊಳ್ಳಿ. ಸುಮಾರು 19 ಲಕ್ಷ. ಹಡಗು ಚಿಕ್ಕದು, ಡ್ರೈವ್ ಮಾತ್ರ ದೊಡ್ಡ ಆಸ್ಪ್‌ನಷ್ಟೇ ಅಳತೆಯದ್ದು. ಬಿಸಿಯಾಗುವುದು ಬಹಳ ಕಡಿಮೆ, ಎಲ್ಲಿ ಬೇಕಾದರೂ ಇಳಿಯುತ್ತದೆ. ಇಂಧನ ಹೀರುವುದು ಸ್ವಲ್ಪ ನಿಧಾನ, ಯಾಕೆಂದರೆ ದೊಡ್ಡ ಸ್ಕೂಪ್ ಹಿಡಿಯುವುದಿಲ್ಲ. ನಿಮಗೆ ಅವಸರ ಇಲ್ಲವಲ್ಲ, ಅದೊಂದು ಕೊರತೆಯೇ ಅಲ್ಲ. ಉಳಿದ ದುಡ್ಡಿಗೆ 5ಎ ಡ್ರೈವ್ ಬರುವುದಿಲ್ಲ, ಸದ್ಯಕ್ಕೆ 5ಸಿ ಹಾಕಿಕೊಳ್ಳಿ. ಮೊದಲ ಸುತ್ತಿನ ಮಾಹಿತಿ ಮಾರಿ ಬಂದ ದುಡ್ಡಿನಲ್ಲಿ ಎ ಕೊಳ್ಳಿ.

ಜಿಗಿದು ಹೊರಬಂದ ಕೂಡಲೇ ಹಾರ್ನ್ ಒತ್ತಿದ ಹಾಗೆ ಒಂದು ದನಿ ಮಾಡಿಸಿ ಸುತ್ತ ಏನಿದೆ ಅಂತ ನೋಡುತ್ತೀರಲ್ಲ, ಅಲ್ಲಿಗೇ ನಿಲ್ಲಬೇಡಿ. ಎಫ್‌ಎಸ್‌ಎಸ್, ಅಂದರೆ ದೂರದಿಂದಲೇ ಗ್ರಹ ಗುರುತಿಸುವ ಸ್ಕ್ಯಾನರ್ ತೆರೆದು ಒಂದೊಂದೇ ಗ್ರಹವನ್ನು ಟ್ಯೂನ್ ಮಾಡಿ. ಭೂಮಿಯಂಥ ಗ್ರಹ, ನೀರಿನ ಗ್ರಹ, ಅಮೋನಿಯ ಗ್ರಹ, ವಾಸಕ್ಕೆ ಯೋಗ್ಯ ಮಾಡಬಹುದಾದ ಲೋಹದ ಗ್ರಹ, ಇವಕ್ಕೆ ಒಳ್ಳೆಯ ಬೆಲೆ. ಅಂಥದ್ದು ಸಿಕ್ಕಿದರೆ ಹತ್ತಿರ ಹೋಗಿ ಪ್ರೋಬ್ ಬಿಟ್ಟು ನಕ್ಷೆ ತೆಗೆಯಿರಿ. ಕಡಿಮೆ ಪ್ರೋಬ್‌ನಲ್ಲಿ ಮುಗಿಸಿದರೆ ಬೋನಸ್ ಇದೆ. ನಿಮಗಿಂತ ಮೊದಲು ಯಾರೂ ಬಂದಿರದ ಜಾಗ ಆದರೆ ಆ ಗ್ರಹದ ಮೇಲೆ ನಿಮ್ಮ ಹೆಸರು ಉಳಿಯುತ್ತದೆ, ಮುಂದೆ ಬರುವ ಎಲ್ಲ ಆಟಗಾರರಿಗೂ ಕಾಣುತ್ತದೆ. ಮಗಳಿಗೆ ಒಂದು ದಿನ ತೋರಿಸಿ. ನಕ್ಷತ್ರದ ಬಣ್ಣಕ್ಕೂ ಅದರ ಬಿಸಿಗೂ ಇರುವ ಸಂಬಂಧ ಅವಳಿಗೆ ಪುಸ್ತಕಕ್ಕಿಂತ ಬೇಗ ಹಿಡಿಸುತ್ತದೆ.

ಪ್ರಶ್ನೆ: ನಾನು ಪಣಜಿಯವನು. ಹೊರಗಡೆ ಎಲ್ಲೋ ಇಂಧನ ಮುಗಿದು ನಿಂತಿದ್ದೇನೆ. ಸುತ್ತ ನಾಲ್ಕು ನಕ್ಷತ್ರ ನೋಡಿದೆ, ಯಾವುದರಿಂದಲೂ ಸ್ಕೂಪ್ ಹೀರುತ್ತಿಲ್ಲ. ಹಡಗನ್ನು ಸ್ಫೋಟಿಸಿಬಿಡಲೇ?

ಉತ್ತರ: ಖಂಡಿತ ಬೇಡ. ಫ್ಯೂಯಲ್ ರ‍್ಯಾಟ್ಸ್ ಅಂತ ಆಟಗಾರರ ಒಂದು ಗುಂಪು ಇದೆ. ಇಂಧನ ಮುಗಿದವರನ್ನು ಹುಡುಕಿಕೊಂಡು ಬಂದು ಟ್ಯಾಂಕಿಗೆ ತುಂಬಿ ಹೋಗುವುದೇ ಅವರ ಕೆಲಸ. ಒಂದು ಕ್ರೆಡಿಟ್ ಕೂಡ ತೆಗೆದುಕೊಳ್ಳುವುದಿಲ್ಲ. ಪರದೆಯ ಮೇಲೆ ಆಮ್ಲಜನಕದ ಎಣಿಕೆ ಇಳಿಯುತ್ತಿದ್ದರೆ ತಕ್ಷಣ ಮುಖ್ಯ ಮೆನುವಿಗೆ ಹೊರಬಂದು, ಆಮೇಲೆ ಅವರಿಗೆ ತಿಳಿಸಿ. ಡಿ ಲೈಫ್ ಸಪೋರ್ಟ್ ಇದ್ದರೆ ನಿಮ್ಮ ಹತ್ತಿರ ಏಳೂವರೆ ನಿಮಿಷ ಮಾತ್ರ ಇರುತ್ತದೆ.

ಮುಂದಕ್ಕೆ ಇದು ನೆನಪಿಡಿ. ಕೆ, ಜಿ, ಬಿ, ಎಫ್, ಒ, ಎ, ಎಂ, ಈ ಏಳು ವರ್ಗದ ನಕ್ಷತ್ರಗಳಿಂದ ಮಾತ್ರ ಇಂಧನ ಸಿಗುತ್ತದೆ. ಕಂದು ಕುಬ್ಜ, ನ್ಯೂಟ್ರಾನ್, ಬಿಳಿ ಕುಬ್ಜ ಇವುಗಳ ಹತ್ತಿರ ಎಷ್ಟು ಹೊತ್ತು ನಿಂತರೂ ಅಷ್ಟೇ. ಗ್ಯಾಲಕ್ಸಿ ಮ್ಯಾಪ್‌ನಲ್ಲಿ ವರ್ಗದ ಪ್ರಕಾರ ಫಿಲ್ಟರ್ ಇದೆ. ಅದನ್ನು ಹಾಕಿಕೊಂಡೇ ದಾರಿ ಗುರುತಿಸಿ. ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ಮುಂದಿನ ಹೀರುವ ನಕ್ಷತ್ರ ಯಾವುದು ಅಂತ ನೋಡಿ.

ಪ್ರಶ್ನೆ: ಮುಂಬಯಿಯ ಮಾಟುಂಗಾದಲ್ಲಿ ನಮ್ಮ ತಂದೆಯವರ ಉಡುಪಿ ಹೋಟೆಲ್ ನೋಡಿಕೊಳ್ಳುತ್ತೇನೆ. ರಾತ್ರಿ ಶಟರ್ ಎಳೆದ ಮೇಲೆ ಆಟ. ಪೈಥಾನ್ ಹಡಗು ಕೊಂಡಿದ್ದೇನೆ. ಲೇಸರ್ ಮೈನಿಂಗ್ ಮಾಡಲೋ, ಬಂಡೆ ಸಿಡಿಸುವ ಕೋರ್ ಮೈನಿಂಗ್ ಮಾಡಲೋ? ಒಳಗೆ ಏನೇನು ಹಾಕಬೇಕು?

ಉತ್ತರ: ಪೈಥಾನ್‌ಗೆ ಲೇಸರ್. ಸುಮಾರು 5.7 ಕೋಟಿಯ ಈ ಹಡಗು ನನಗೆ ಬಹಳ ಇಷ್ಟ. ದೊಡ್ಡ ಹೊಟ್ಟೆ ಇದ್ದೂ ಮಧ್ಯಮ ಪ್ಯಾಡ್‌ನಲ್ಲಿ ಇಳಿಯುತ್ತದೆ. ಹಾಗಾಗಿ ಸಣ್ಣ ಔಟ್‌ಪೋಸ್ಟ್‌ಗಳಲ್ಲೂ ಮಾಲು ಮಾರಬಹುದು. ಅದಕ್ಕಿಂತ ಮುಖ್ಯವಾಗಿ ಅದರ ಪವರ್ ಡಿಸ್ಟ್ರಿಬ್ಯೂಟರ್ 7ನೇ ಅಳತೆಯದ್ದು. ಇಲ್ಲಿ ಡಿ ಬೇಡ, 7ಎ ಹಾಕಿ. ನೀವು ಇಲ್ಲೇ ಸುತ್ತಮುತ್ತ ಅಗೆಯುವವರು, ತೂಕದ ಚಿಂತೆ ನಿಮಗಿಲ್ಲ. ಡಿಸ್ಟ್ರಿಬ್ಯೂಟರ್ ಸಣ್ಣದಾದರೆ ಲೇಸರ್ ಹತ್ತು ಕ್ಷಣ ಉರಿದು ಆರುತ್ತದೆ, ಮತ್ತೆ ಕಾಯಬೇಕು. ಮೂರು ಅಥವಾ ನಾಲ್ಕು 2ನೇ ಅಳತೆಯ ಮೈನಿಂಗ್ ಲೇಸರ್ ಹಾಕಿ, ಅಗೆಯುವಾಗ ಶಕ್ತಿಯೆಲ್ಲ ಆಯುಧಗಳ ಕಡೆ ತಿರುಗಿಸಿ.

ಒಳಗಿನ ಜೋಡಣೆ ನನ್ನದು ಹೀಗಿದೆ. ಮೂರು 6ರಲ್ಲಿ ಮೂರು ಕಾರ್ಗೋ ರ‍್ಯಾಕ್, ಒಂದಕ್ಕೆ 64 ಟನ್, ಒಟ್ಟು 192. ಒಂದು 5ರಲ್ಲಿ ಶೀಲ್ಡ್. ಇನ್ನೊಂದು 5ರಲ್ಲಿ ಕಲೆಕ್ಟರ್, ಅದು ಒಟ್ಟಿಗೆ ಮೂರು ಲಿಂಪೆಟ್ ಆಡಿಸುತ್ತದೆ. 4ರಲ್ಲಿ ರಿಫೈನರಿ, ಎ ದರ್ಜೆಯದ್ದೇ ಬೇಕು, ಅದಕ್ಕೆ ಹತ್ತು ತೊಟ್ಟಿಗಳಿವೆ. ಒಂದು 3ರಲ್ಲಿ ಇನ್ನೊಂದು ಕಲೆಕ್ಟರ್, ಎರಡು ಲಿಂಪೆಟ್. ಮತ್ತೊಂದು 3ರಲ್ಲಿ ಪ್ರಾಸ್ಪೆಕ್ಟರ್. 1ರಲ್ಲಿ ಸರ್ಫೇಸ್ ಸ್ಕ್ಯಾನರ್. ಸ್ಕ್ಯಾನರ್ ಬಿಡಬೇಡಿ. ಗ್ರಹದ ಉಂಗುರದ ಮೇಲೆ ಪ್ರೋಬ್ ಬಿಟ್ಟರೆ ಎಲ್ಲಿ ಏನು ಜಾಸ್ತಿ ಇದೆ ಅಂತ ಹಾಟ್‌ಸ್ಪಾಟ್ ತೋರಿಸುವುದು ಅದೇ.

ಪ್ಲಾಟಿನಂ, ಪೇನೈಟ್ ಬೇಕಾದರೆ ಲೋಹದ ಉಂಗುರ. ಲೋ ಟೆಂಪರೇಚರ್ ಡೈಮಂಡ್ ಬೇಕಾದರೆ ಹಿಮದ ಉಂಗುರ. ಎರಡಕ್ಕೂ ಪ್ರಿಸ್ಟೀನ್ ಅಂತ ಬರೆದಿರುವ, ಅಂದರೆ ಇನ್ನೂ ಯಾರೂ ಬರಿದು ಮಾಡದ ಜಾಗ ಹುಡುಕಿ. ಮೊದಲು ಪ್ರಾಸ್ಪೆಕ್ಟರ್ ಹೊಡೆದು ಬಂಡೆಯಲ್ಲಿ ಎಷ್ಟು ಪಾಲು ಇದೆ ನೋಡಿ. ಪಾಲು ಕಡಿಮೆ ಇದ್ದರೆ ಮುಂದೆ ಹೋಗಿ. ಬಂಡೆಗಳಿಗೆ ಬರ ಇಲ್ಲ, ನಿಮ್ಮ ರಾತ್ರಿಗೆ ಬರ ಇದೆ.

ಲಿಂಪೆಟ್ ಬಿಡುವ ಕ್ರಮ ಹೇಳುತ್ತೇನೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಯಾವುದೋ ಚೂರನ್ನು ಟಾರ್ಗೆಟ್ ಮಾಡಿಕೊಂಡು ಕಲೆಕ್ಟರ್ ಬಿಟ್ಟರೆ ಅದು ಆ ಒಂದು ಚೂರು ತಂದು ಸತ್ತುಹೋಗುತ್ತದೆ. ಏನನ್ನೂ ಟಾರ್ಗೆಟ್ ಮಾಡದೆ ಬಿಟ್ಟರೆ ತನ್ನ ಆಯುಷ್ಯ ಮುಗಿಯುವ ತನಕ ಹೆಕ್ಕುತ್ತಲೇ ಇರುತ್ತದೆ. ಎ ದರ್ಜೆಯ ಕಂಟ್ರೋಲರ್‌ನಲ್ಲಿ ಆ ಆಯುಷ್ಯ 12 ನಿಮಿಷ. ಕಾರ್ಗೋ ಬಾಗಿಲು ತೆರೆದಿಡಿ, ಹಡಗು ಅಲುಗಾಡಿಸಬೇಡಿ. ಬೇಡದ ಖನಿಜಗಳನ್ನು ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿ ಇಗ್ನೋರ್ ಮಾಡಿ, ಇಲ್ಲದಿದ್ದರೆ ಹತ್ತು ತೊಟ್ಟಿಗಳೂ ಕಸದಿಂದ ತುಂಬಿ ಪ್ಲಾಟಿನಂಗೆ ಜಾಗ ಇರುವುದಿಲ್ಲ. ಒಂದು ಲಿಂಪೆಟ್ ಒಂದು ಟನ್ ಜಾಗ ಹಿಡಿಯುತ್ತದೆ. ಹೊರಡುವಾಗ ಧಾರಾಳವಾಗಿ ತುಂಬಿಕೊಳ್ಳಿ. ಅವು ಖರ್ಚಾದ ಹಾಗೆ ಆ ಜಾಗಕ್ಕೆ ಮಾಲು ಬರುತ್ತದೆ.

ಉಂಗುರಕ್ಕೆ ಇಳಿದ ಕೂಡಲೇ ಕಡಲ್ಗಳ್ಳರು ಬರುತ್ತಾರೆ. ಹೆದರಬೇಡಿ. ಲಿಂಪೆಟ್ ಬಿಟ್ಟು ಬೇರೇನೂ ಇಲ್ಲದಾಗಲೇ ಅವರು ಸ್ಕ್ಯಾನ್ ಮಾಡಿ ಹೋಗಲಿ, ಆಮೇಲೆ ಕೆಲಸ ಶುರು ಮಾಡಿ. ಮಾರುವಾಗ ಸ್ಟೇಷನ್ನಿನ ಬೇಡಿಕೆಯ ಅಂಕಿ ನೋಡಿ. ಬೇಡಿಕೆ ಸಣ್ಣದಿದ್ದು ನೀವು 192 ಟನ್ ಇಳಿಸಿದರೆ ಬೆಲೆ ಬಿದ್ದುಹೋಗುತ್ತದೆ. ಹೋಟೆಲ್ ನಡೆಸುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಕೋರ್ ಮೈನಿಂಗ್ ಕೂಡ ಒಮ್ಮೆ ಮಾಡಿ ನೋಡಿ, ಚಿಕ್ಕ ಹಡಗಿನಲ್ಲಿ. ಪಲ್ಸ್ ವೇವ್ ಅನಲೈಸರ್ ಹೊಡೆದಾಗ ಸಾವಿರ ಬಂಡೆಗಳ ನಡುವೆ ಒಂದು ಹೊಳೆಯುತ್ತದೆ. ಹತ್ತಿರ ಹೋಗಿ ಬಿರುಕುಗಳಲ್ಲಿ ಸೈಸ್ಮಿಕ್ ಚಾರ್ಜ್ ಇಡಬೇಕು. ಕಡಿಮೆಯಾದರೆ ಒಡೆಯುವುದಿಲ್ಲ, ಜಾಸ್ತಿಯಾದರೆ ಒಳಗಿನ ಮಾಲಿನ ಒಂದು ಪಾಲು ಹಾಳು. ಅಳತೆಯ ಪಟ್ಟಿ ಸರಿಯಾದ ಜಾಗಕ್ಕೆ ಬಂತು ಅಂದರೆ ಹಿಂದೆ ಸರಿದು ಸಿಡಿಸಿ. ಆ ಬಂಡೆ ಬಿಚ್ಚಿಕೊಳ್ಳುವ ನೋಟ ಈ ಆಟದಲ್ಲೇ ಬಹಳ ಚೆಂದದ್ದು. ಸಂಪಾದನೆ ನಿಧಾನ, ಖುಷಿ ಜಾಸ್ತಿ.

ಪ್ರಶ್ನೆ: ನಾನು ಡಿಚೋಲಿಯ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದು ನಿವೃತ್ತನಾದವನು, ಮೂಲ ಹಾವೇರಿ ಕಡೆಯವನು. ಮೊಮ್ಮಗ ಈ ಆಟದಲ್ಲಿ ಗಣಿ ಅಗೆಯುವುದನ್ನು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಹಿರಿಯರೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ನಿಮ್ಮ ಗಣಿಯ ಅದಿರನ್ನೇ ನಮ್ಮ ಬಾರ್ಜ್‌ಗಳು ಹೊತ್ತಿರಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತಾಗ ನದಿಯಲ್ಲಿ ಬಾರ್ಜ್‌ಗಳು ಸಾಲಾಗಿ ಲಂಗರು ಹಾಕಿ ನಿಂತದ್ದನ್ನು ನೀವೂ ನೋಡಿರುತ್ತೀರಿ.

ಆಟದಲ್ಲಿ ನಿಜವಾದದ್ದು ಮೊದಲು ಹೇಳುತ್ತೇನೆ. ಉಂಗುರಗಳಲ್ಲಿ ಕಲ್ಲು, ಲೋಹ, ಹಿಮ ಅಂತ ಬೇರೆ ಬೇರೆ ಬಗೆ ಇರುವುದು ಊಹೆಗೆ ಹತ್ತಿರದ್ದೇ. ನಮ್ಮ ಶನಿಯ ಉಂಗುರ ಬಹುಪಾಲು ನೀರಿನ ಹಿಮ. ಪೇನೈಟ್ ಅನ್ನುವುದೂ ನಿಜವಾದ ಖನಿಜ, ಮ್ಯಾನ್ಮಾರ್‌ನಲ್ಲಿ ಸಿಗುತ್ತದೆ, ಅತಿ ಅಪರೂಪ. ಮೊಮ್ಮಗ ಅದನ್ನು ಟನ್ನುಗಟ್ಟಲೆ ತರುವುದು ಮಾತ್ರ ಆಟದ ಮಾತು. ಇನ್ನು ನಿಮಗೆ ಕೊರತೆ ಕಾಣುವುದು ಎಲ್ಲಿ ಅಂತ ನಾನು ಊಹಿಸಬಲ್ಲೆ. ಮೇಲ್ಮಣ್ಣು ಎಲ್ಲಿ? ತೊಳೆದ ನೀರು ಎಲ್ಲಿಗೆ ಹೋಯಿತು? ಲಾರಿಗಳ ಕೆಂಪು ಧೂಳು ಎಲ್ಲಿ? ಒಂದು ಟನ್ ಅದಿರಿಗೆ ಅದಕ್ಕಿಂತ ಜಾಸ್ತಿ ಮಣ್ಣು ಬಗೆದು ಗುಡ್ಡೆ ಹಾಕಿದವರು ನೀವು. ಆಟದ ರಿಫೈನರಿ ಅದೆಲ್ಲವನ್ನೂ ಕ್ಷಣದಲ್ಲಿ ನುಂಗಿಬಿಡುತ್ತದೆ. ಮೊಮ್ಮಗನಿಗೆ ಈ ಭಾಗವನ್ನು ನೀವೇ ಹೇಳಬೇಕು. ಆಟ ಅದನ್ನು ಕಲಿಸುವುದಿಲ್ಲ.

ನಿಜ ಲೋಕದಲ್ಲಿ ಕ್ಷುದ್ರಗ್ರಹದಿಂದ ಮನುಷ್ಯ ತಂದದ್ದು ಗ್ರಾಮುಗಳ ಲೆಕ್ಕದಲ್ಲಿ. ಜಪಾನಿನ ಹಯಬುಸ 2 ನೌಕೆ ರ್ಯುಗು ಎಂಬ ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು 5.4 ಗ್ರಾಂ. ನಾಸಾದ ಒಸಿರಿಸ್-ರೆಕ್ಸ್ 2023ರಲ್ಲಿ ಬೆನ್ನು ಎಂಬುದರಿಂದ ತಂದದ್ದು 121.6 ಗ್ರಾಂ. ಅಷ್ಟಕ್ಕೆ ಎಷ್ಟೋ ವರ್ಷಗಳ ಕೆಲಸ. ಲೋಹ ಜಾಸ್ತಿ ಇರಬಹುದು ಅನ್ನುವ ಸೈಕಿ ಎಂಬ ಕ್ಷುದ್ರಗ್ರಹದ ಕಡೆ 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ನೌಕೆ ಹೊರಟಿದೆ. ಅದು ನೋಡಿ ಅಳೆಯಲು ಹೋಗಿದೆ, ಅಗೆಯಲು ಅಲ್ಲ. ಮೊಮ್ಮಗನ ಜೊತೆ ಈ ಸುದ್ದಿಗಳನ್ನೂ ನೋಡಿ.

ಪ್ರಶ್ನೆ: ದುಡ್ಡು ಸಾಕಷ್ಟು ಆಗಿದೆ. ಅನಕೊಂಡ ಹಡಗು ತಗೊಂಡರೆ ಅಲೆದಾಟ, ಮೈನಿಂಗ್ ಎರಡೂ ಕೆಲಸ ಆಗುತ್ತದೆ ಅಂತಾರೆ, ಹೌದಾ? (ಪಿಂಪ್ರಿಯಿಂದ ಒಬ್ಬರು)

ಉತ್ತರ: 14.7 ಕೋಟಿ ಹಡಗಿಗೆ, ಅದಕ್ಕೆ ತಕ್ಕ ಸಲಕರಣೆಗೆ ಇನ್ನೂ ಅಷ್ಟೇ ಅಥವಾ ಜಾಸ್ತಿ. ಜಿಗಿತ ಒಳ್ಳೆಯದು, ಜಾಗವೂ ಬೇಕಾದಷ್ಟು. ಆದರೆ ತಿರುಗಲು ನಿಧಾನ, ದೊಡ್ಡ ಪ್ಯಾಡ್ ಇದ್ದಲ್ಲಿ ಮಾತ್ರ ಇಳಿಯುತ್ತದೆ. ಗ್ರಹದ ಮೇಲೆ ಸಮತಟ್ಟು ಜಾಗ ಹುಡುಕುವುದೂ ಕಷ್ಟ. ಅದೇ ದುಡ್ಡಿಗೆ ಒಂದು ಆಸ್ಪ್, ಒಂದು ಪೈಥಾನ್ ಎರಡನ್ನೂ ಚೆನ್ನಾಗಿ ಸಜ್ಜು ಮಾಡಬಹುದು. ನಾನಾದರೆ ಎರಡು ಹಡಗು ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಮಡಗಾಂವ್‌ನಲ್ಲಿ ಮಳೆಗಾಲ ಅಂದರೆ ಕರೆಂಟು ಹೋಗುತ್ತಲೇ ಇರುತ್ತದೆ. ದೂರದ ಪ್ರಯಾಣದ ನಡುವೆ ಹೋದರೆ ಹಡಗು ಕಳೆದುಹೋಗುತ್ತದಾ?

ಉತ್ತರ: ಇಲ್ಲ. ಆಟದ ಲೆಕ್ಕ ಎಲ್ಲ ಅವರ ಸರ್ವರ್‌ನಲ್ಲಿ ಇರುತ್ತದೆ. ಕರೆಂಟು ಬಂದ ಮೇಲೆ ಒಳಗೆ ಹೋದರೆ ಹಡಗು ಬಿಟ್ಟ ಕಡೆಯೇ ಸಿಗುತ್ತದೆ, ಸ್ಕ್ಯಾನ್ ಮಾಡಿದ್ದೂ ಉಳಿದಿರುತ್ತದೆ. ಉಂಗುರದಲ್ಲಿ ಅಗೆಯುತ್ತಿದ್ದರೆ ಮಾತ್ರ ನಷ್ಟ. ಹೊರಗೆ ಬಿಟ್ಟ ಲಿಂಪೆಟ್‌ಗಳು, ತೇಲುತ್ತಿದ್ದ ಚೂರುಗಳು ಹೋಗುತ್ತವೆ. ಕಾರ್ಗೋದಲ್ಲಿ ಸೇರಿದ್ದು ಇರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋರ್ ಮೈನಿಂಗ್ ಬಿಟ್ಟು ಅಲೆದಾಟಕ್ಕೆ ಹೋಗಿ. ಕಂಪ್ಯೂಟರ್‌ಗೆ ಯುಪಿಎಸ್ ಇದ್ದರೆ ರೌಟರ್‌ನ ಪ್ಲಗ್ಗನ್ನೂ ಅದಕ್ಕೇ ಹಾಕಿ. ಕಂಪ್ಯೂಟರ್ ಉಳಿದು ಇಂಟರ್ನೆಟ್ ಹೋದರೂ ಆಟ ಅಲ್ಲಿಗೇ ನಿಲ್ಲುತ್ತದೆ.